ಬಾಯಿಯ ಆರೋಗ್ಯ ಮತ್ತು ರಾಷ್ಟ್ರೀಯ ಸಂಶೋಧನ ಸಾಮರ್ಥ್ಯ: ಹೈದರಾಬಾದಿನ ನಿದರ್ಶನ

೧. ಪ್ರವೇಶ

ಒಂದು ದೇಶದಲ್ಲಿ ದಂತವೈದ್ಯರು ಎಷ್ಟು ಮಂದಿ ಇದ್ದಾರೆಂಬುದು ಒಂದು ಪ್ರಶ್ನೆ. ಆ ದೇಶದ ಜನರ ಬಾಯಿಯ ಆರೋಗ್ಯದ ಬಗೆಗೆ ಆ ದೇಶಕ್ಕೆ ಸ್ವಂತವಾಗಿ ಎಷ್ಟು ತಿಳಿದಿದೆಯೆಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ದೊರೆತರೆ ಎರಡನೆಯದಕ್ಕೂ ದೊರೆತಂತೆ ಎಂದು ಭಾವಿಸುವ ರೂಢಿ ನಮ್ಮಲ್ಲಿ ಬೆಳೆದು ಬಂದಿದೆ. ೧೯೨೦ರಲ್ಲಿ ಕಲ್ಕತ್ತೆಯಲ್ಲಿ ಡಾ. ಆರ್. ಅಹಮದ್ ಅವರು ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದ ಬಳಿಕ ಇಂತಹ ಕಾಲೇಜುಗಳ ಸಂಖ್ಯೆ ೩೦೦ನ್ನು ದಾಟಿದೆ. ಆದರೂ ಒಂದು ತಾಲ್ಲೂಕಿನ ೧೨ ವರ್ಷದ ಮಕ್ಕಳ ಹಲ್ಲುಗಳ ಸ್ಥಿತಿ ಇಪ್ಪತ್ತು ವರ್ಷಗಳ ಹಿಂದಿಗಿಂತ ಸುಧಾರಿಸಿದೆಯೆ, ಕೆಟ್ಟಿದೆಯೆ ಎಂದು ಕೇಳಿದರೆ ಆಧಾರಸಹಿತವಾಗಿ ಉತ್ತರಿಸಬಲ್ಲ ಜಿಲ್ಲೆಗಳು ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ೨೦೨೨ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ೩೫೦ ಕೋಟಿ ಜನ ಬಾಯಿಯ ಒಂದಲ್ಲ ಒಂದು ರೋಗಕ್ಕೆ ಒಳಗಾಗಿದ್ದಾರೆ. ಅವರಲ್ಲಿ ನಾಲ್ವರಲ್ಲಿ ಮೂವರು ಮಧ್ಯಮ ಆದಾಯದ ದೇಶಗಳವರು. ರೋಗದ ಹೊರೆ ಇರುವ ನೆಲದಲ್ಲಿಯೇ ಆ ರೋಗವನ್ನು ಅಳೆಯುವ ಸಾಮರ್ಥ್ಯವೂ ಬೆಳೆಯಬೇಕಾದುದು ಅಗತ್ಯ.

ಪ್ರಸ್ತುತ ಲೇಖನದಲ್ಲಿ ಈ ಸಾಮರ್ಥ್ಯವೆಂದರೇನು, ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ಹೈದರಾಬಾದಿನ ನಿದರ್ಶನದ ಮೂಲಕ ವಿವೇಚಿಸಲು ಯತ್ನಿಸಿದ್ದೇವೆ. ಕನ್ನಡ ಪೀಠವೊಂದರ ಸಂಚಿಕೆಯಲ್ಲಿ ಈ ವಿಷಯಕ್ಕೆ ಏನು ಸ್ಥಾನವೆಂದು ಓದುಗರು ಕೇಳಬಹುದು. ಅದಕ್ಕೆ ಎರಡು ಸಮಾಧಾನಗಳಿವೆ. ರಾಯಚೂರು, ಗುಲಬರ್ಗಾ ಮತ್ತು ಬೀದರ ಜಿಲ್ಲೆಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ರಾಜ್ಯದ ಗಡಿ ಬದಲಾಯಿತಾದರೂ ನೆಲದಡಿಯ ಬಂಡೆಯಾಗಲಿ ನೀರಾಗಲಿ ಬದಲಾಗಲಿಲ್ಲ. ಎರಡನೆಯದಾಗಿ, ಜನರ ಬಾಯನ್ನು ಪರೀಕ್ಷಿಸುವ ಸಂಶೋಧನೆ ಅವರ ಮಾತಿನಿಂದಲೇ ಆರಂಭವಾಗಬೇಕಾಗುತ್ತದೆ. ಅಲ್ಲಿ ಭಾಷಾಶಾಸ್ತ್ರಜ್ಞನಿಗೂ ಕೆಲಸವಿದೆ.

೨. ಸಂಶೋಧನ ಸಾಮರ್ಥ್ಯದ ಸ್ವರೂಪ

ಸಂಶೋಧನ ಸಾಮರ್ಥ್ಯವೆಂದೊಡನೆ ಕಟ್ಟಡ, ಉಪಕರಣ, ಅನುದಾನ ಮತ್ತು ಪದವೀಧರರು ನೆನಪಾಗುತ್ತಾರೆ. ಇವೆಲ್ಲವೂ ಬೇಕಾದವುಗಳೇ. ಆದರೆ ಸಮುದಾಯದ ಆರೋಗ್ಯಕ್ಕೆ ಸಂಬಂಧಿಸಿದ ಸಂಶೋಧನೆಯಲ್ಲಿ ಇವುಗಳಿಗಿಂತ ಮೂಲಭೂತವಾದ ಒಂದು ಶಕ್ತಿಯಿದೆ. ಒಂದೇ ಪ್ರಶ್ನೆಯನ್ನು ಹಿಡಿದು, ಒಂದೇ ಅಳತೆಗೋಲಿನೊಡನೆ, ಅದೇ ಊರುಗಳಿಗೆ ಮತ್ತೆ ಮತ್ತೆ ಹಿಂದಿರುಗಬಲ್ಲ ಶಕ್ತಿಯೇ ಅದು. ಪ್ರಶ್ನೆಯನ್ನು ಆರಂಭಿಸಿದವರು ನಿವೃತ್ತರಾದ ಮೇಲೂ ಅದು ಸಂಸ್ಥೆಯಲ್ಲಿ ಉಳಿದಿರಬೇಕು. ಹಳೆಯ ಅಂಕಿಗಳು ಹೊಸ ಅಂಕಿಗಳೊಡನೆ ಹೋಲಿಸಲು ಒದಗುವಂತಿರಬೇಕು.

ಇದನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಊರುಗಳಲ್ಲಿ ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಗೆರೆಗಳೂ ಹಳದಿ ಅಥವಾ ಕಂದು ಕಲೆಗಳೂ ಕಾಣಿಸಿಕೊಳ್ಳುತ್ತವೆ. ಸ್ಥಿತಿ ತೀವ್ರವಾದಾಗ ಹಲ್ಲಿನ ಮೇಲ್ಮೈಯಲ್ಲಿ ಕುಳಿಗಳು ಬೀಳುತ್ತವೆ. ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ಅಮೆರಿಕದ ಎಚ್. ಟ್ರೆಂಡ್ಲಿ ಡೀನ್ ಅವರು ೧೯೩೦ರ ದಶಕದಲ್ಲಿ ಇದನ್ನು ಅಳೆಯಲು ರೂಪಿಸಿ ೧೯೪೨ರಲ್ಲಿ ಪರಿಷ್ಕರಿಸಿದ ಸೂಚ್ಯಂಕದಲ್ಲಿ ಸಹಜ, ಸಂದೇಹಾಸ್ಪದ, ಅತ್ಯಲ್ಪ, ಅಲ್ಪ, ಮಧ್ಯಮ, ತೀವ್ರ ಎಂಬ ಆರು ವರ್ಗಗಳಿವೆ. ಒಬ್ಬ ಪರೀಕ್ಷಕನು ‘ಅಲ್ಪ’ ಎಂದುದನ್ನು ಇನ್ನೊಬ್ಬನು ‘ಮಧ್ಯಮ’ ಎಂದರೆ ಎರಡು ಊರುಗಳ ವ್ಯತ್ಯಾಸವು ನೀರಿನದೋ ಪರೀಕ್ಷಕರದೋ ಎಂಬುದು ತಿಳಿಯದು. ಆದ್ದರಿಂದ ಸಮೀಕ್ಷೆಗೆ ಮುನ್ನ ಇಬ್ಬರೂ ಅದೇ ಮಕ್ಕಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ತಮ್ಮ ತೀರ್ಮಾನಗಳು ಎಷ್ಟರಮಟ್ಟಿಗೆ ಹೊಂದುತ್ತವೆಂದು ಲೆಕ್ಕ ಹಾಕಬೇಕಾಗುತ್ತದೆ. ಈ ಶಿಸ್ತು ಪುಸ್ತಕದಿಂದ ಬರುವಂತಹುದಲ್ಲ. ಅದನ್ನು ಬಲ್ಲವರ ಜೊತೆಯಲ್ಲಿ ಕ್ಷೇತ್ರಕ್ಕೆ ಹೋಗಿ ಕಲಿಯಬೇಕು, ಕಲಿತವರು ಮುಂದಿನವರಿಗೆ ಕಲಿಸಬೇಕು. ಸಾಮರ್ಥ್ಯವು ಪರಂಪರೆಯಾಗಿ ಬೆಳೆಯುತ್ತದೆಂದು ನಾವು ಹೇಳುವುದು ಈ ಅರ್ಥದಲ್ಲಿ.

೩. ನಲ್ಗೊಂಡದ ನೀರು

ಭಾರತದಲ್ಲಿ ಫ್ಲೋರೋಸಿಸ್ ರೋಗವನ್ನು ವೈಜ್ಞಾನಿಕವಾಗಿ ಮೊದಲು ವರ್ಣಿಸಿದವರು ಶಾರ್ಟ್ ಮತ್ತು ಅವರ ಸಂಗಡಿಗರು. ಅವರ ಲೇಖನ ೧೯೩೭ರಲ್ಲಿ ಪ್ರಕಟವಾಯಿತು. ಅವರು ಅಧ್ಯಯನ ನಡೆಸಿದ್ದು ಆಗಿನ ಮದ್ರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಉಳುವ ಎತ್ತುಗಳು ನಡೆಯಲಾರದಂತಾಗುವುದನ್ನು ಅಲ್ಲಿಯ ರೈತರು ವೈದ್ಯರಿಗಿಂತ ಮೊದಲೇ ಗುರುತಿಸಿದ್ದರೆಂದು ಈ ವಿಷಯದ ಸಾಹಿತ್ಯದಲ್ಲಿ ದಾಖಲಾಗಿದೆ. ಹೈದರಾಬಾದ್ ರಾಜ್ಯದ ನಲ್ಗೊಂಡ ಜಿಲ್ಲೆಯಲ್ಲಿ ಈ ರೋಗದ ಸ್ವರೂಪವನ್ನು ಎ. ಎಚ್. ಸಿದ್ದಿಕಿ ಅವರು ೧೯೫೫ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ವಿವರಿಸಿದರು. ಹೈದರಾಬಾದಿಗೆ ಸುಮಾರು ೧೦೦ ಕಿಲೋಮೀಟರ್ ದೂರದ ಈ ಜಿಲ್ಲೆಯ ಹೆಸರು ಅಂದಿನಿಂದ ಫ್ಲೋರೋಸಿಸ್ ಸಾಹಿತ್ಯದಲ್ಲಿ ನೆಲೆಯಾಗಿ ನಿಂತಿತು.

ಕಾರಣವು ನೆಲದಲ್ಲಿದೆ. ತೆಲಂಗಾಣದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿವೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅವುಗಳನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಡಮೆಯಿರುವ ಪ್ರದೇಶದಲ್ಲಿ ಬಾವಿ ಆಳವಾದಷ್ಟೂ ಇಂತಹ ನೀರು ದೊರೆಯುವ ಸಂಭವ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ೧.೦ ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ ೧.೫ ಮಿಲಿಗ್ರಾಂವರೆಗೆ ಅನುಮತಿಯಿದೆ. ಹಿಂದೆ ಮೆಟ್ಟಿಲುಬಾವಿಗಳ ನೀರಿನಿಂದ ನಾರುಹುಣ್ಣು ಹರಡುತ್ತಿತ್ತು. ಅಂತಹ ರೋಗಗಳನ್ನು ತಡೆಯಲು ಕೊಳವೆಬಾವಿಗಳು ಬಂದವು. ಭಾರತವು ನಾರುಹುಣ್ಣಿನಿಂದ ಮುಕ್ತವಾಯಿತೆಂದು ೨೦೦೦ದಲ್ಲಿ ಘೋಷಿತವಾಯಿತು. ಆದರೆ ಬಂಡೆಯಾಳದ ನೀರಿನೊಡನೆ ಫ್ಲೋರೈಡ್ ಕೂಡ ಮೇಲೆ ಬಂದಿತು. ಒಂದು ರೋಗಕ್ಕೆ ಪರಿಹಾರವಾದುದು ಇನ್ನೊಂದಕ್ಕೆ ದಾರಿಮಾಡಿಕೊಟ್ಟುದನ್ನು ಗುರುತಿಸಬೇಕಾದರೆ ಎರಡನ್ನೂ ಒಟ್ಟಿಗೆ ಗಮನಿಸುವ ಸಂಸ್ಥೆಗಳು ಇರಬೇಕು.

ದಂತ ಫ್ಲೋರೋಸಿಸ್‌ನ ಒಂದು ವಿಶೇಷವನ್ನು ಇಲ್ಲಿ ವಿವರಿಸುವುದು ಅವಶ್ಯ. ಹಲ್ಲಿನ ಹೊರಪದರವಾದ ಎನಾಮಲ್, ಹಲ್ಲು ಮೂಡುವ ಮುನ್ನ ದವಡೆಯೊಳಗೇ ರೂಪುಗೊಳ್ಳುತ್ತದೆ. ಹುಟ್ಟಿನಿಂದ ಸುಮಾರು ೮ ವರ್ಷದವರೆಗಿನ ಅವಧಿಯಲ್ಲಿ ಮಗು ಕುಡಿದ ನೀರು ಅದರ ಮೇಲೆ ಪರಿಣಾಮ ಬೀರುತ್ತದೆ. ಅನಂತರ ಎಷ್ಟೇ ಒಳ್ಳೆಯ ನೀರು ಕುಡಿದರೂ ಆ ಕಲೆ ಅಳಿಯುವುದಿಲ್ಲ. ಹೀಗಾಗಿ ೧೨ ವರ್ಷದ ಮಗುವಿನ ಹಲ್ಲು ಆ ಊರಿನ ಕಳೆದ ಕಾಲದ ನೀರಿನ ದಾಖಲೆಯಾಗಿದೆ. ಶಾಸನವನ್ನು ಓದಬಲ್ಲವರಿಗೆ ಈ ಹೋಲಿಕೆ ಅಪರಿಚಿತವಲ್ಲ. ಆದರೆ ಇಲ್ಲಿ ದಾಖಲೆಯೇ ಒಂದು ಮಗುವಿನ ಮುಖದಲ್ಲಿದೆ. ಶುಚಿಯಿಲ್ಲದವರೆಂಬ ಅಪವಾದ, ನಗುವಾಗ ಬಾಯಿಗೆ ಕೈ ಅಡ್ಡವಿಡುವ ಸಂಕೋಚ, ಮದುವೆಯ ಮಾತುಕತೆಯಲ್ಲಿ ಬರುವ ಅಡ್ಡಿ, ಇವೆಲ್ಲವನ್ನೂ ಆ ಮಗು ಮುಂದೆ ಹೊರಬೇಕಾಗುತ್ತದೆ.

೪. ಪೋಷಣ ಸಂಸ್ಥೆಯ ಕಾರ್ಯ

ಈ ಪ್ರಶ್ನೆಯನ್ನು ಹೈದರಾಬಾದಿನಲ್ಲಿ ದೀರ್ಘಕಾಲ ಹಿಡಿದು ನಡೆಸಿದ ಸಂಸ್ಥೆ ದಂತವೈದ್ಯಕ್ಕೆ ಸೇರಿದುದಲ್ಲವೆಂಬುದು ಗಮನಾರ್ಹ. ೧೯೧೮ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗದ ವಿಚಾರಣೆಗಾಗಿ ಒಂದು ಕೋಣೆಯಲ್ಲಿ ಆರಂಭಿಸಿದ ಪ್ರಯೋಗಶಾಲೆ ಕ್ರಮೇಣ ಪೋಷಣ ಸಂಶೋಧನ ಪ್ರಯೋಗಾಲಯವಾಗಿ ಬೆಳೆಯಿತು. ೧೯೫೮ರಲ್ಲಿ ಅದು ಹೈದರಾಬಾದಿಗೆ ಸ್ಥಳಾಂತರಗೊಂಡು, ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯಲ್ಲಿ ನೆಲೆಸಿ, ೧೯೬೯ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಹೈದರಾಬಾದಿಗೆ ಬರುವ ಹೊತ್ತಿಗೆ ಅದಕ್ಕೆ ನಾಲ್ವತ್ತು ವರ್ಷಗಳ ಅನುಭವವಿತ್ತು. ಆಹಾರವನ್ನು ವಿಶ್ಲೇಷಿಸುವ ರಸಾಯನಶಾಸ್ತ್ರಜ್ಞರು, ರೋಗಿಯನ್ನು ಪರೀಕ್ಷಿಸುವ ವೈದ್ಯರು, ಹಳ್ಳಿಗೆ ಹೋಗಿ ಅಡಿಗೆಮನೆಯಲ್ಲಿ ಕುಳಿತು ಧಾನ್ಯವನ್ನು ತೂಗುವ ಕ್ಷೇತ್ರಕಾರ್ಯಕರ್ತರು ಒಂದೇ ಸೂರಿನಡಿ ಇದ್ದರು.

ಇದರ ಫಲವನ್ನು ೧೯೭೦ರ ದಶಕದಲ್ಲಿ ಕಾಣಬಹುದು. ಕೆ. ಎ. ವಿ. ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ೧೯೭೩ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಫ್ಲೋರೋಸಿಸ್ ಪ್ರದೇಶದ ಹರೆಯದವರಲ್ಲಿ ಮಂಡಿಗಳು ಒಳಬಾಗುವ ಹಾಗೂ ಎಲುಬು ಸಡಿಲವಾಗುವ ಸ್ಥಿತಿಯನ್ನು ವರ್ಣಿಸಿದರು. ಹಿಂದೆ ಫ್ಲೋರೋಸಿಸ್‌ನಲ್ಲಿ ಕಂಡುಬರುತ್ತಿದ್ದುದು ಬೆನ್ನೆಲುಬು ಬಿಗಿದು ಗಟ್ಟಿಯಾಗುವ ಲಕ್ಷಣ, ಇದು ಬೇರೆಯದಾಗಿತ್ತು. ಪೀಡಿತರು ಹೆಚ್ಚಾಗಿ ಜೋಳವನ್ನು ಉಣ್ಣುವವರೆಂಬುದನ್ನು ಸಂಸ್ಥೆಯ ಆಹಾರ ಸಮೀಕ್ಷೆಯ ಅಭ್ಯಾಸವೇ ತೋರಿಸಿಕೊಟ್ಟಿತು. ಜೋಳದಲ್ಲಿ ಮಾಲಿಬ್ಡಿನಮ್ ಧಾತು ಅಧಿಕವಾಗಿರುವುದೂ, ಅದು ದೇಹದ ತಾಮ್ರವನ್ನು ಕಡಮೆ ಮಾಡಬಹುದೆಂಬುದೂ, ನಾಗಾರ್ಜುನಸಾಗರದ ಜಲಾಶಯದಿಂದ ಒಸರುವ ನೀರು ಮಣ್ಣಿನ ಗುಣವನ್ನು ಬದಲಿಸಿ ಬೆಳೆಯ ಧಾತುಗಳನ್ನು ಬದಲಿಸಿರಬಹುದೆಂಬುದೂ ಚರ್ಚೆಗೆ ಬಂದವು. ೧೯೭೭ರಲ್ಲಿ ಲಕ್ಷ್ಮಯ್ಯ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಅಕ್ಕಿಯ ಊಟಕ್ಕಿಂತ ಜೋಳದ ಊಟದಲ್ಲಿ ಫ್ಲೋರೈಡ್ ದೇಹದಲ್ಲಿ ಹೆಚ್ಚಾಗಿ ಉಳಿಯುತ್ತದೆಂದು ಪ್ರಕಟಿಸಿದರು. ಇದೇ ಸಂಸ್ಥೆಯ ಖಂಡಾರೆ ಮತ್ತು ಸಂಗಡಿಗರು ೨೦೦೨ರಲ್ಲಿ ಹುಣಸೆಹಣ್ಣಿನ ಸೇವನೆಯಿಂದ ಮೂತ್ರದ ಮೂಲಕ ಹೊರಹೋಗುವ ಫ್ಲೋರೈಡ್ ಹೆಚ್ಚುವುದೆಂದು ತೋರಿಸಿದರು.

ನಾವು ಒತ್ತಿ ಹೇಳಬೇಕಾದುದು ಈ ನಿರ್ಣಯಗಳ ನಡುವಣ ಕಾಲಾವಧಿಯನ್ನು. ೧೯೭೩, ೧೯೭೭, ೨೦೦೨: ಮೂವತ್ತು ವರ್ಷಗಳ ಅಂತರದಲ್ಲಿ ವ್ಯಕ್ತಿಗಳು ಬದಲಾದರೂ ಪ್ರಶ್ನೆ ಬದಲಾಗಲಿಲ್ಲ. ನೀರಿನಿಂದ ಜೋಳಕ್ಕೆ, ಜೋಳದಿಂದ ಹುಣಸೆಗೆ ಅದು ಸಾಗಿತು. ಇದು ಸಾಧ್ಯವಾದುದು ಪ್ರಶ್ನೆಯನ್ನು ಸಂಸ್ಥೆಯೇ ತನ್ನದಾಗಿಸಿಕೊಂಡಿದ್ದರಿಂದ. ಇದೇ ಕಾಲದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನ ಸಂಸ್ಥೆಯು ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ನೀರಿಗೆ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ವಿಧಾನವನ್ನು ರೂಪಿಸಿತು. ಅದು ನಲ್ಗೊಂಡ ವಿಧಾನವೆಂದೇ ಜಗತ್ತಿನಲ್ಲಿ ಪ್ರಸಿದ್ಧವಾಯಿತು. ಪ್ರತಿದಿನವೂ ಅಳತೆಯಿಂದ ಬೆರೆಸಬೇಕಾದ, ತಳದ ಕೆಸರನ್ನು ವಿಲೇವಾರಿ ಮಾಡಬೇಕಾದ ಶ್ರಮ ಅದರ ಮಿತಿ.

೫. ಶ್ರೀಕಾಕುಳದ ಅನುಭವ

ಹೈದರಾಬಾದ್ ರಾಜಧಾನಿಯಾಗಿದ್ದ ಅವಿಭಜಿತ ಆಂಧ್ರಪ್ರದೇಶದ ಇನ್ನೊಂದು ತುದಿಯಲ್ಲಿ, ಶ್ರೀಕಾಕುಳಂ ಜಿಲ್ಲೆಯಲ್ಲಿ, ಬಾಯಿಯ ಸಂಶೋಧನೆಯ ಎರಡನೆಯ ದೊಡ್ಡ ಪ್ರಯತ್ನ ನಡೆಯಿತು. ಅಲ್ಲಿ, ವಿಶೇಷವಾಗಿ ಹೆಂಗಸರಲ್ಲಿ, ಚುಟ್ಟದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ರೂಢಿಯಿತ್ತು. ಇದರಿಂದ ಅಂಗುಳದ ಕ್ಯಾನ್ಸರ್ ಉಂಟಾಗುವುದನ್ನು ರೆಡ್ಡಿ ಮತ್ತು ರಾವ್ ಅವರು ೧೯೫೭ರಲ್ಲಿ ಬರೆದಿದ್ದರು. ೧೯೬೦ರ ದಶಕದ ಉತ್ತರಾರ್ಧದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ದಂತ ಸಂಶೋಧನ ಘಟಕವು, ಫಲಿ ಎಸ್. ಮೆಹ್ತಾ ಅವರ ನೇತೃತ್ವದಲ್ಲಿ, ಡೆನ್ಮಾರ್ಕಿನ ಜೆ. ಜೆ. ಪಿಂಡ್‌ಬೋರ್ಗ್ ಅವರ ಸಹಯೋಗದೊಡನೆ, ಶ್ರೀಕಾಕುಳವೂ ಸೇರಿದಂತೆ ದೇಶದ ಐದು ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ೫೦,೯೧೫ ಗ್ರಾಮಸ್ಥರ ಬಾಯಿಯನ್ನು ಪರೀಕ್ಷಿಸಿತು. ಇದರ ಫಲಿತಾಂಶ ೧೯೬೯ರಲ್ಲಿ ಪ್ರಕಟವಾಯಿತು.

ಆ ತಂಡ ಅಷ್ಟಕ್ಕೇ ನಿಲ್ಲಲಿಲ್ಲ. ಪರೀಕ್ಷಿಸಿದವರನ್ನೇ ಹತ್ತು ವರ್ಷಗಳವರೆಗೆ ಮತ್ತೆ ಮತ್ತೆ ಭೇಟಿ ಮಾಡಿ, ಬಿಳಿ ಮಚ್ಚೆಗಳು ಯಾರಲ್ಲಿ ಮಾಯವಾದವು, ಯಾರಲ್ಲಿ ಕ್ಯಾನ್ಸರಾಗಿ ಮಾರ್ಪಟ್ಟವು ಎಂಬುದನ್ನು ದಾಖಲಿಸಿತು. ಮುಂದಿನ ಹಂತದಲ್ಲಿ ಎರ್ನಾಕುಲಂ, ಭಾವನಗರ ಮತ್ತು ಶ್ರೀಕಾಕುಳಂ ಜಿಲ್ಲೆಗಳ ೩೬,೦೦೦ಕ್ಕೂ ಹೆಚ್ಚು ತಂಬಾಕು ಬಳಕೆದಾರರಿಗೆ ಅದನ್ನು ಬಿಡಲು ತಿಳಿವಳಿಕೆ ನೀಡಿ, ಅದರಿಂದ ಬಿಳಿ ಮಚ್ಚೆಗಳು ಕಡಮೆಯಾದುದನ್ನು ೧೯೮೬ರಲ್ಲಿ ಪ್ರಕಟಿಸಿತು. ಬಾಯಿಯ ಕ್ಯಾನ್ಸರನ್ನು ತಡೆಯಬಹುದೆಂಬುದಕ್ಕೆ ಭಾರತೀಯ ಹಳ್ಳಿಗಳಿಂದ ಬಂದ ಸಾಕ್ಷ್ಯ ಇದು. ಇಲ್ಲಿಯೂ ಕೆಲಸ ನಡೆದದ್ದು ಭೌತಶಾಸ್ತ್ರ, ಗಣಿತಶಾಸ್ತ್ರಗಳಿಗೆ ಹೆಸರಾದ ಸಂಸ್ಥೆಯೊಂದರ ಆಶ್ರಯದಲ್ಲಿ. ತಂಡದಲ್ಲಿ ದಂತವೈದ್ಯರ ಸರಿಸಮಾನವಾಗಿ ಸಂಖ್ಯಾಶಾಸ್ತ್ರಜ್ಞರಾದ ಪ್ರಕಾಶ್ ಸಿ. ಗುಪ್ತಾ ಇದ್ದರೆಂಬುದು ಗಮನಿಸತಕ್ಕ ಅಂಶ.

೬. ಕಾಲೇಜುಗಳು ಮತ್ತು ಸಮೀಕ್ಷೆಗಳು

ಹಾಗಾದರೆ ದಂತವೈದ್ಯ ಕಾಲೇಜುಗಳ ಪಾತ್ರವೇನು? ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿಯೂ ಹೈದರಾಬಾದಿನದು ೧೯೫೯ರಲ್ಲಿಯೂ ಮಣಿಪಾಲದ ಕಾಲೇಜು ೧೯೬೫ರಲ್ಲಿಯೂ ಆರಂಭವಾದವು. ಇವು ನುರಿತ ವೈದ್ಯರನ್ನು ಸಿದ್ಧಪಡಿಸಿವೆ. ಪ್ರತಿಯೊಂದು ಸ್ನಾತಕೋತ್ತರ ವಿದ್ಯಾರ್ಥಿಯೂ ಮೂರು ವರ್ಷಗಳ ವ್ಯಾಸಂಗದಲ್ಲಿ ಒಂದು ಪ್ರಬಂಧವನ್ನು ಬರೆಯಬೇಕು. ಹೀಗೆ ವರ್ಷವರ್ಷವೂ ದೇಶದಲ್ಲಿ ಅಸಂಖ್ಯ ಬಾಯಿಗಳು ಪರೀಕ್ಷೆಗೆ ಒಳಗಾಗುತ್ತವೆ. ಆದರೆ ಒಬ್ಬ ವಿದ್ಯಾರ್ಥಿಯ ಪ್ರಬಂಧ ಮುಗಿದೊಡನೆ ಆತನ ಹಳ್ಳಿಯೂ ಆತನ ನಮೂನೆಯೂ ಮುಗಿದಂತೆ. ಮುಂದಿನವನು ಹೊಸ ವಿಷಯವನ್ನೂ ಹೊಸ ಸ್ಥಳವನ್ನೂ ಆಯ್ದುಕೊಳ್ಳುತ್ತಾನೆ. ಪ್ರತಿಯೊಂದೂ ಪ್ರತ್ಯೇಕವಾಗಿ ಸರಿಯಾಗಿರಬಹುದು, ಆದರೆ ಎಲ್ಲವನ್ನೂ ಸೇರಿಸಿ ಒಂದು ಚರಿತ್ರೆಯನ್ನು ಬರೆಯಲಾಗದು. ವಿದ್ಯಾರ್ಥಿಯ ಅನಾಸಕ್ತಿ ಇದಕ್ಕೆ ಕಾರಣವಲ್ಲ. ಬೋಧನೆ ಮತ್ತು ಚಿಕಿತ್ಸೆಗಳಿಗಾಗಿ ರಚಿತವಾದ ಸಂಸ್ಥೆಯಲ್ಲಿ ಕ್ಷೇತ್ರಕಾರ್ಯಕ್ಕೆ ಖಾಯಂ ಹುದ್ದೆಗಳಾಗಲಿ, ಅಂಕಿಅಂಶಗಳನ್ನು ಕಾಯ್ದಿಡುವ ಹೊಣೆಯಾಗಲಿ ಇರುವುದಿಲ್ಲ.

ರಾಷ್ಟ್ರಮಟ್ಟದಲ್ಲಿಯೂ ಇದೇ ಚಿತ್ರ ಕಾಣುತ್ತದೆ. ಭಾರತೀಯ ದಂತವೈದ್ಯ ಪರಿಷತ್ತು ೨೦೦೨-೦೩ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆ ಮತ್ತು ಫ್ಲೋರೈಡ್ ನಕಾಶೆಯ ಕಾರ್ಯವನ್ನು ನಡೆಸಿ ೨೦೦೪ರಲ್ಲಿ ಪ್ರಕಟಿಸಿತು. ಅಲ್ಲಿ ೫, ೧೨, ೧೫, ೩೫-೪೪ ಮತ್ತು ೬೫-೭೪ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ವಯೋವರ್ಗಗಳನ್ನು ಅನುಸರಿಸಲಾಗಿತ್ತು. ೨೦೧೪ರಲ್ಲಿ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದಿತು. ೨೦೨೩ರಲ್ಲಿ ಸಂಸತ್ತು ರಾಷ್ಟ್ರೀಯ ದಂತವೈದ್ಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಇವುಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬ್ರೆಜಿಲ್ ದೇಶವು ೧೯೮೬ರಲ್ಲಿ ಆರಂಭಿಸಿದ ರಾಷ್ಟ್ರೀಯ ದಂತ ಸಮೀಕ್ಷೆಯನ್ನು ೨೦೦೩ ಮತ್ತು ೨೦೧೦ರಲ್ಲಿ ವಿಸ್ತೃತವಾಗಿ ನಡೆಸಿ, ಅದರ ಆಧಾರದಿಂದ ತನ್ನ ಸಾರ್ವಜನಿಕ ದಂತಸೇವೆಯನ್ನು ರೂಪಿಸಿಕೊಂಡಿತು. ಅಭಿವೃದ್ಧಿಶೀಲ ದೇಶವೊಂದಕ್ಕೆ ಇದು ಅಸಾಧ್ಯವೇನಲ್ಲ.

ದೂರ ಹೋಗಬೇಕಾಗಿಲ್ಲ. ಕಣ್ಣಿನ ವಿಷಯದಲ್ಲಿ ಹೈದರಾಬಾದೇ ಇದನ್ನು ಮಾಡಿ ತೋರಿಸಿದೆ. ೧೯೮೭ರಲ್ಲಿ ಸ್ಥಾಪಿತವಾದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯು ೧೯೯೬ರಿಂದ ೨೦೦೦ದವರೆಗೆ ಹೈದರಾಬಾದ್ ನಗರವೂ ಮೂರು ಗ್ರಾಮೀಣ ಪ್ರದೇಶಗಳೂ ಸೇರಿದಂತೆ ೧೦,೨೯೩ ಜನರನ್ನು ಪರೀಕ್ಷಿಸಿ, ಕುರುಡುತನದ ಪ್ರಮಾಣ ಮತ್ತು ಕಾರಣಗಳನ್ನು ನಿರ್ಣಯಿಸಿತು. ರಾಷ್ಟ್ರೀಯ ಪೋಷಣ ಸಂಸ್ಥೆಯು ೧೯೮೭ರಿಂದ ೧೯೯೦ರವರೆಗೆ ನಗರದ ಹೊರವಲಯದ ೨೯ ಹಳ್ಳಿಗಳಲ್ಲಿ ಗರ್ಭಿಣಿಯರಿಗೂ ಮಕ್ಕಳಿಗೂ ಪೂರಕ ಆಹಾರವನ್ನು ಕುರಿತು ನಡೆಸಿದ ಪ್ರಯೋಗದ ಮಕ್ಕಳನ್ನು ಅವರು ದೊಡ್ಡವರಾದ ಮೇಲೂ ಮತ್ತೆ ಪರೀಕ್ಷಿಸಲಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ೧೯೮೨ರಲ್ಲಿ ಆರಂಭವಾದ ಕ್ಯಾನ್ಸರ್ ನೋಂದಣಿಯು ಬಾಯಿಯ ಕ್ಯಾನ್ಸರನ್ನೂ ಒಳಗೊಂಡು ಕಾಲಾನುಕ್ರಮದ ದಾಖಲೆಯನ್ನು ಒದಗಿಸುತ್ತದೆ. ಇಂತಹ ವ್ಯವಸ್ಥೆಗಳ ಜೊತೆಗೆ ದಂತಪರೀಕ್ಷೆಯನ್ನು ಸೇರಿಸಲು ತಗಲುವ ವೆಚ್ಚ, ಹೊಸತಾಗಿ ಒಂದನ್ನು ಕಟ್ಟುವ ವೆಚ್ಚಕ್ಕಿಂತ ಬಹಳ ಕಡಮೆ.

೭. ಪ್ರಶ್ನಾವಳಿಯ ಭಾಷೆ

ಪರೀಕ್ಷಕನ ಕಣ್ಣಿನಷ್ಟೇ ಮುಖ್ಯವಾದುದು ಪ್ರಶ್ನಾವಳಿಯ ಮಾತು. ಇದನ್ನು ಸಾಮಾನ್ಯವಾಗಿ ಅನುವಾದದ ಕೊನೆಯ ಕೆಲಸವೆಂದು ಪರಿಗಣಿಸಲಾಗುತ್ತದೆ. ವಾಸ್ತವವಾಗಿ ಅದು ಅಳತೆಗೋಲಿನ ಒಂದು ಭಾಗ. ‘ತಂಬಾಕು ಸೇವಿಸುತ್ತೀರಾ?’ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ದಕ್ಷಿಣ ಕರ್ನಾಟಕದಲ್ಲಿ ‘ಹೊಗೆಸೊಪ್ಪು’ ಎಂಬ ಮಾತು ಬಳಕೆಯಲ್ಲಿದೆ. ಉತ್ತರದಲ್ಲಿ ‘ತಂಬಾಕು’ ಎಂದರೇ ತಿಳಿಯುತ್ತದೆ. ಕಡ್ಡಿಪುಡಿ ಹಾಕಿಕೊಳ್ಳುವವರು, ಎಲೆ ಅಡಿಕೆಯೊಡನೆ ಒಂದು ಚೂರು ಸೇರಿಸುವವರು, ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವವರು ಈ ಪ್ರಶ್ನೆಗೆ ‘ಇಲ್ಲ’ ಎನ್ನಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಅವರ ದೃಷ್ಟಿಯಲ್ಲಿ ಹಲ್ಲುಜ್ಜುವುದು ಸೇವನೆಯಲ್ಲ. ವಸ್ತುವನ್ನು ಹೆಸರಿಸಿ ಒಂದೊಂದಾಗಿ ಕೇಳದಿದ್ದರೆ ಬಾಯಿಯ ಕ್ಯಾನ್ಸರಿನ ಮುಖ್ಯ ಕಾರಣವೇ ಎಣಿಕೆಯಿಂದ ಜಾರಿಹೋಗುತ್ತದೆ.

ರೋಗಗಳ ಹೆಸರುಗಳಲ್ಲಿಯೂ ಇದೇ ತೊಡಕಿದೆ. ಹಲ್ಲು ಕ್ಷಯಿಸುವುದನ್ನು ಜನ ‘ಹುಳುಕು’ ಎನ್ನುತ್ತಾರೆ. ಹುಳುವೊಂದು ಹಲ್ಲನ್ನು ಕೊರೆಯುತ್ತದೆಂಬ ನಂಬಿಕೆ ಆ ಪದದಲ್ಲಿದೆ. ಫ್ಲೋರೋಸಿಸ್ ಕಲೆಗೆ ಪ್ರತ್ಯೇಕ ಪದವಿಲ್ಲದೆ, ಅದನ್ನು ‘ಹಲ್ಲಿನ ಕರೆ’ ಎಂದು ಹೇಳುವುದರಿಂದ ಅದೂ ತಂಬಾಕಿನ ಕರೆಯೂ ಒಂದೇ ಆಗಿಬಿಡುತ್ತವೆ. ಬಾಯಿಯ ಬಿಳಿ ಮಚ್ಚೆಯನ್ನು ಕೇಳಿದರೆ ಚರ್ಮದ ತೊನ್ನನ್ನು ನೆನೆದು ಉತ್ತರಿಸುವ ಸಂಭವವಿದೆ. ‘ಕಳೆದ ೧೨ ತಿಂಗಳಲ್ಲಿ ಹಲ್ಲುನೋವು ಬಂದಿತ್ತೇ?’ ಎಂದು ವಿಶ್ವ ಆರೋಗ್ಯ ಸಂಸ್ಥೆಯ ನಮೂ­ನೆಯಂತೆ ಕೇಳುವುದಕ್ಕಿಂತ ‘ಹೋದ ಯುಗಾದಿಯಿಂದ ಈಚೆಗೆ’ ಎಂದು ಕೇಳಿದರೆ ಒಕ್ಕಲು ಮಕ್ಕಳಿಗೆ ಕಾಲದ ಮಿತಿ ಸ್ಪಷ್ಟವಾಗುತ್ತದೆ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಗಡಿಭಾಗದಲ್ಲಿ, ರಾಯಚೂರು ಮತ್ತು ಬೀದರ ಜಿಲ್ಲೆಗಳಲ್ಲಿ, ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕೇಳಿಬರುತ್ತವೆ. ಹೈದರಾಬಾದಿನಲ್ಲಿ ತೆಲುಗಿನಲ್ಲಿ ಸಿದ್ಧವಾದ ನಮೂನೆಯಾಗಲಿ ಬೆಂಗಳೂರಿನಲ್ಲಿ ಶಿಷ್ಟ ಕನ್ನಡದಲ್ಲಿ ಸಿದ್ಧವಾದ ನಮೂನೆಯಾಗಲಿ ಇಲ್ಲಿ ಹಾಗೆಯೇ ಸಲ್ಲದು.

೮. ಗಡಿಯಾಚೆಯ ಜಿಲ್ಲೆಗಳು ಮತ್ತು ಕಾಲದ ಮಿತಿ

ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿಯೂ, ಗದಗ ಜಿಲ್ಲೆಯ ಮುಂಡರಗಿ, ತುಮಕೂರು ಜಿಲ್ಲೆಯ ಪಾವಗಡ ಮುಂತಾದ ತಾಲ್ಲೂಕುಗಳಲ್ಲಿಯೂ ಅಂತರ್ಜಲದ ಫ್ಲೋರೈಡ್ ಹಳೆಯ ಸಮಸ್ಯೆ. ಇವುಗಳಲ್ಲಿ ಉತ್ತರದ ಜಿಲ್ಲೆಗಳು ಜೋಳವನ್ನು ಉಣ್ಣುವ ನಾಡು. ನಲ್ಗೊಂಡದಲ್ಲಿ ಕಂಡುಕೊಂಡ ಸಂಗತಿಗಳು ಇಲ್ಲಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆಂಬುದು ಕನ್ನಡ ನಾಡಿಗೆ ಸೇರಿದ ಪ್ರಶ್ನೆ. ಈ ನಡುವೆ ಆಹಾರವೂ ಬದಲಾಗುತ್ತಿದೆ. ೧೯೮೩ರಲ್ಲಿ ಆಂಧ್ರಪ್ರದೇಶ ಸರ್ಕಾರ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ನೀಡತೊಡಗಿತು. ೨೦೧೩ರಲ್ಲಿ ಕರ್ನಾಟಕದಲ್ಲಿ ಅನ್ನಭಾಗ್ಯ ಯೋಜನೆ ಬಂದಿತು. ಜೋಳದಿಂದ ಅಕ್ಕಿಗೆ ಸರಿದ ಊಟವು ಫ್ಲೋರೈಡಿನ ಪರಿಣಾಮವನ್ನು ತಗ್ಗಿಸಿದೆಯೇ ಎಂಬುದನ್ನು ಎರಡು ಕಾಲಗಳ ಅಂಕಿಗಳಿಲ್ಲದೆ ಹೇಳಲಾಗದು. ಹೈದರಾಬಾದಿನಲ್ಲಿ ಕೇಂದ್ರವನ್ನು ಹೊಂದಿ, ೧೯೭೨ರಿಂದ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಆಹಾರವನ್ನು ಅಳೆಯುತ್ತಿದ್ದ ರಾಷ್ಟ್ರೀಯ ಪೋಷಣ ಉಸ್ತುವಾರಿ ಘಟಕವು ೨೦೧೫ರಲ್ಲಿ ನಿಂತುಹೋಯಿತು. ಕಟ್ಟಲು ದಶಕಗಳು ಹಿಡಿದ ಸಾಮರ್ಥ್ಯ ಒಂದು ಆದೇಶದಿಂದ ಕರಗಬಹುದೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಕಾಲದ ಮಿತಿಯೊಂದಿದೆ. ತೆಲಂಗಾಣದಲ್ಲಿ ೨೦೧೬ರಲ್ಲಿ ಮಿಷನ್ ಭಗೀರಥ ಯೋಜನೆಯ ಮೂಲಕ ನದಿಯ ನೀರನ್ನು ಮನೆಗಳಿಗೆ ಒದಗಿಸುವ ಕಾರ್ಯ ಉದ್ಘಾಟನೆಗೊಂಡಿತು. ದೇಶಾದ್ಯಂತ ಜಲಜೀವನ ಯೋಜನೆ ೨೦೧೯ರಲ್ಲಿ ಘೋಷಿತವಾಯಿತು. ೨೦೧೬ರಲ್ಲಿ ಹುಟ್ಟಿದ ಮಗುವಿಗೆ ೨೦೨೮ರಲ್ಲಿ ೧೨ ವರ್ಷ. ೨೦೧೯ರಲ್ಲಿ ಹುಟ್ಟಿದ ಮಗುವಿಗೆ ೨೦೩೧ರಲ್ಲಿ ೧೨ ವರ್ಷ. ಹೊಸ ನೀರು ನಿಜವಾಗಿಯೂ ಮಗುವಿನ ಲೋಟವನ್ನು ತಲುಪಿತೇ, ಅಥವಾ ನಲ್ಲಿ ಬಂದರೂ ಮನೆಯವರು ಹಳೆಯ ಕೊಳವೆಬಾವಿಯನ್ನೇ ನೆಚ್ಚಿಕೊಂಡರೇ ಎಂಬುದನ್ನು ಆ ಮಕ್ಕಳ ಹಲ್ಲುಗಳು ಹೇಳುತ್ತವೆ. ಆದರೆ ಹೋಲಿಸಿ ನೋಡಲು ಅವರಿಗಿಂತ ಮುಂಚೆ ಹುಟ್ಟಿದ ಮಕ್ಕಳ ಹಲ್ಲುಗಳನ್ನು ಅದೇ ಊರುಗಳಲ್ಲಿ, ಅದೇ ಅಳತೆಯಿಂದ, ಅವರು ಶಾಲೆಯಲ್ಲಿರುವಾಗಲೇ ದಾಖಲಿಸಿರಬೇಕು. ಆ ಮಕ್ಕಳು ಶಾಲೆ ಬಿಟ್ಟು ದುಡಿಮೆಗೆಂದು ಊರು ತೊರೆದ ಮೇಲೆ ಆ ಅವಕಾಶ ಮರಳಿ ಬಾರದು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬಾಯಿಯ ಆರೋಗ್ಯದ ಬಗೆಗೆ ಈ ಪ್ರದೇಶದಲ್ಲಿ ನಡೆದ ಗಟ್ಟಿಯಾದ ಸಂಶೋಧನೆಯು ದೀರ್ಘಕಾಲದ ಪ್ರಶ್ನೆಯನ್ನು ಹೊರಬಲ್ಲ ಸಂಸ್ಥೆಗಳಿಂದ ಬಂದಿದೆ. ದಂತವೈದ್ಯ ಕಾಲೇಜುಗಳನ್ನು ಇಂತಹ ಸಂಸ್ಥೆಗಳೊಡನೆ ಕೂಡಿಸುವುದು ರಾಷ್ಟ್ರೀಯ ಸಾಮರ್ಥ್ಯವನ್ನು ಕಟ್ಟುವ ಹತ್ತಿರದ ದಾರಿ. ಒಂದು ಕಾಲೇಜು ಕೆಲವೇ ಹಳ್ಳಿಗಳನ್ನು ಆಯ್ದು, ಐದು ವರ್ಷಗಳಿಗೊಮ್ಮೆ ೧೨ ವರ್ಷದ ಮಕ್ಕಳನ್ನು ಪರೀಕ್ಷಿಸುವ ಹೊಣೆಯನ್ನು ಹೊತ್ತು, ಸ್ನಾತಕೋತ್ತರ ಪ್ರಬಂಧಗಳನ್ನು ಆ ಸರಣಿಯ ಕೊಂಡಿಗಳನ್ನಾಗಿ ಮಾಡಿದರೆ ಹೊಸ ಅನುದಾನವಿಲ್ಲದೆಯೂ ಬಹಳಷ್ಟು ಸಾಧ್ಯ. ಎರಡನೆಯದಾಗಿ, ಪ್ರತಿ ತಂಡದಲ್ಲಿ ಸಂಖ್ಯಾಶಾಸ್ತ್ರಜ್ಞನಿಗೂ ಅಂಕಿಗಳನ್ನು ಕಾಯ್ದಿಡುವವನಿಗೂ ಖಾಯಂ ಸ್ಥಾನವಿರಬೇಕು. ಮೂರನೆಯದಾಗಿ, ಪರೀಕ್ಷಿಸಿದ ಫಲಿತಾಂಶವನ್ನು ಆಯಾ ಊರಿನ ಶಾಲೆಗೂ ಪಂಚಾಯತಿಗೂ ಅವರ ಮಾತಿನಲ್ಲಿಯೇ ತಿಳಿಸಬೇಕು. ಬಾಯಿ ತೆರೆದು ತೋರಿಸಿದವರಿಗೆ ಯಾವ ಬಾವಿಯ ನೀರನ್ನು ಮಕ್ಕಳಿಗೆ ಕೊಡಬಾರದೆಂಬುದನ್ನಾದರೂ ಹೇಳದೆ ಹೋಗುವ ತಂಡವನ್ನು ಆ ಊರು ಎರಡನೆಯ ಸಲ ಬರಗೊಡದು. ಆಗ ಮರಳಿ ಹೋಗುವ ಶಕ್ತಿಯೇ ಇಲ್ಲವಾಗುತ್ತದೆ.

ಕೊನೆಯದಾಗಿ, ನಾಡಿನ ಹೊರಗೆ ಕನ್ನಡದ ಅಧ್ಯಯನದಲ್ಲಿ ತೊಡಗಿರುವವರು ಈ ಕಾರ್ಯಕ್ಕೆ ನೇರವಾಗಿ ನೆರವಾಗಬಲ್ಲರು. ಬಾಯಿ, ಹಲ್ಲು, ಒಸಡು, ಎಲೆ ಅಡಿಕೆ, ತಂಬಾಕು, ನೋವು ಇವುಗಳಿಗೆ ಸಂಬಂಧಿಸಿದ ಪ್ರಾದೇಶಿಕ ಪದಕೋಶವೊಂದನ್ನು ಜಿಲ್ಲಾವಾರು ಸಂಗ್ರಹಿಸಿ, ಕ್ಷೇತ್ರದಲ್ಲಿ ಪರೀಕ್ಷಿಸಿದ ಕನ್ನಡ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸುವುದು ಉಪಭಾಷಾ ಅಧ್ಯಯನದ ವ್ಯಾಪ್ತಿಗೆ ಸೇರಿದ ಕೆಲಸ. ಅದನ್ನು ದಂತವೈದ್ಯರು ತಾವಾಗಿ ಮಾಡಲಾರರು, ನಾವು ಅವರಿಲ್ಲದೆ ಮಾಡಲಾರೆವು. ೨೦೨೮ ಮತ್ತು ೨೦೩೧ರ ಮಕ್ಕಳನ್ನು ಪರೀಕ್ಷಿಸುವ ಹೊತ್ತಿಗೆ ಅಂತಹ ಪ್ರಶ್ನಾವಳಿ ಕೈಯಲ್ಲಿರಬೇಕಾದುದು ಅವಶ್ಯಕ.